ಕೊನೆಯ ಸೀನಿನಲ್ಲಿ ನನಗೆ ನಗು ಬರಲಿಲ್ಲ

ಹೋದ ತಿಂಗಳು ಕೋಲಾರದಲ್ಲಿ ಗೆಳೆಯನ ಮನೆಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಹಳೇ ಫ್ರೆಂಚ್ ಸಿನಿಮಾ ನೋಡಿದೆವು. ಹೆಸರು ‘ಕ್ನಾಕ್’. ಇಂಗ್ಲಿಷಿನವರ ಹಾಗೆ ಮೊದಲ ಕಕಾರ ನುಂಗುವ ಹಾಗಿಲ್ಲ, ಫ್ರೆಂಚರು ಅದನ್ನು ಪೂರ್ತಿ ಹೇಳುತ್ತಾರೆ. 1951ರದ್ದು, ಕಪ್ಪು ಬಿಳುಪು. ಒಂದು ಸಣ್ಣ ಊರಿಗೆ ಬರುವ ಡಾಕ್ಟರನ ಕಥೆ. ಕೋಲಾರದವನು, ಮಾಲೂರಿನವನು, ಮುಳಬಾಗಿಲಿನವನು, ಶ್ರೀನಿವಾಸಪುರ ತಾಲ್ಲೂಕಿನ ನಾನು... ನಾಲ್ಕು ತಾಲ್ಲೂಕಿನ ಪ್ರತಿನಿಧಿಗಳ ಸಭೆ ಅನ್ನಬಹುದು :-)

ಸಿನಿಮಾ ಪೂರ್ತಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೊನೆಯ ಹತ್ತು ನಿಮಿಷದಲ್ಲಿ ಮಾತ್ರ ನನ್ನ ನಗು ನಿಂತುಹೋಯಿತು. ಪಕ್ಕದಲ್ಲಿದ್ದ ಮಾಲೂರಿನವನು ‘ಯಾಕೋ, ಮುಖ ಹಿಂಗ್ ಮಾಡ್ಕೊಂಡೆ? ನಿಂಗೂ ಏನೋ ಕಾಯಿಲೆ ಅಂತ ಅನ್ನಿಸ್ತಾ?’ ಅಂದ. ಆಗ ಏನೋ ಹಾರಿಕೆ ಉತ್ತರ ಕೊಟ್ಟೆ. ಸರಿಯಾದ ಉತ್ತರ ಬಸ್ಸಿನಲ್ಲಿ ಊರಿಗೆ ವಾಪಸ್ ಬರುವಾಗ ಹೊಳೆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಥೆ ಹೇಳಿಬಿಡುತ್ತೇನೆ. ಇದು ಮೂಲದಲ್ಲಿ ನಾಟಕ. ಬರೆದವನು ಜೂಲ್ ರೊಮೇನ್. ಪ್ಯಾರಿಸ್ಸಿನಲ್ಲಿ 1923ರ ಡಿಸೆಂಬರಿನಲ್ಲಿ ಮೊದಲ ಪ್ರದರ್ಶನ. ಡಾಕ್ಟರ್ ಕ್ನಾಕ್ ಪಾತ್ರ ಮಾಡಿದವನು ಲೂಯಿ ಜೂವೆ ಅನ್ನುವ ದೊಡ್ಡ ನಟ, ನಿರ್ದೇಶನವೂ ಅವನದೇ. ಆ ಪಾತ್ರವನ್ನು ಅವನು ಸಾಯುವವರೆಗೂ ಬಿಡಲಿಲ್ಲ. 1933ರಲ್ಲಿ ಒಂದು ಸಲ ಸಿನಿಮಾ ಮಾಡಿದ, ಮತ್ತೆ 1951ರಲ್ಲಿ ಗೀ ಲೆಫ್ರಾಂಕ್ ನಿರ್ದೇಶನದಲ್ಲಿ ಅದೇ ಪಾತ್ರ ಮಾಡಿದ. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡ. ನಾವು ನೋಡಿದ್ದು ಈ ಎರಡನೆಯದನ್ನು. 2017ರಲ್ಲಿ ಓಮರ್ ಸೀ ಅನ್ನುವ ನಟನನ್ನು ಹಾಕಿಕೊಂಡು ಇನ್ನೊಂದು ಸಲ ತೆಗೆದಿದ್ದಾರೆ.

ಸೇಂಟ್ ಮಾರಿಸ್ ಅನ್ನುವುದು ಬೆಟ್ಟದ ಮೇಲಿನ ಊರು. ಅಲ್ಲಿ ಪಾರ್ಪಲೇ ಅನ್ನುವ ವಯಸ್ಸಾದ ಡಾಕ್ಟರು. ಒಳ್ಳೆಯ ಮನುಷ್ಯ, ಸ್ವಲ್ಪ ಸೋಮಾರಿ. ಯಾರು ಬಂದರೂ ‘ಏನೂ ಆಗಿಲ್ಲ, ಹೋಗಿ ಮಲಗು’ ಅನ್ನುವ ಪೈಕಿ. ಊರಿನ ಔಷಧಿ ಅಂಗಡಿಯವನಿಗೆ ವ್ಯಾಪಾರವೇ ಇಲ್ಲ. ಈ ಪಾರ್ಪಲೇ ತನ್ನ ಪ್ರಾಕ್ಟೀಸನ್ನು ಕಂತಿನ ಮೇಲೆ ಕ್ನಾಕನಿಗೆ ಮಾರಿ, ಲಿಯಾನ್ ನಗರಕ್ಕೆ ಹೊರಟುಹೋಗುತ್ತಾನೆ. ಕ್ನಾಕ್ ಹಿಂದೆ ಟೈ ಮಾರಿದವನು, ಕಡಲೆಕಾಯಿ ವ್ಯಾಪಾರ ಮಾಡಿದವನು, ಡಿಗ್ರಿ ಇಲ್ಲದೆಯೇ ಹಡಗಿನಲ್ಲಿ ಡಾಕ್ಟರಾಗಿದ್ದವನು! ವಯಸ್ಸಾದ ಮೇಲೆ ಓದಿ ಪಾಸು ಮಾಡಿಕೊಂಡಿದ್ದಾನೆ. ಅವನ ಸಿದ್ಧಾಂತ ಒಂದೇ. ಆರೋಗ್ಯವಂತ ಅನ್ನುವವನೇ ಇಲ್ಲ, ತನಗೆ ಕಾಯಿಲೆ ಇದೆ ಅಂತ ಗೊತ್ತಿಲ್ಲದವರು ಇದ್ದಾರೆ, ಅಷ್ಟೆ.

ಬಂದ ದಿನವೇ ಊರಿನಲ್ಲಿ ತಮಟೆ ಹೊಡೆದು ಸಾರುವವನನ್ನು ಕರೆಸುತ್ತಾನೆ. ವಾರದಲ್ಲಿ ಒಂದು ದಿನ, ಸಂತೆಯ ದಿನ ಬೆಳಗ್ಗೆ, ಪುಕ್ಕಟೆ ತಪಾಸಣೆ ಅಂತ ಸಾರಿಸುತ್ತಾನೆ. ನಮ್ಮ ಕಡೆ ಸರ್ಕಲ್ಲಿನಲ್ಲಿ ‘ಉಚಿತ ಆರೋಗ್ಯ ತಪಾಸಣಾ ಶಿಬಿರ’ ಅಂತ ಬ್ಯಾನರ್ ಕಟ್ಟುತ್ತಾರಲ್ಲ, ಅದರ ಮುತ್ತಜ್ಜ ಇದು. ಒಬ್ಬ ರೈತ ಹೆಂಗಸು ಬರುತ್ತಾಳೆ. ಕ್ನಾಕ್ ಮೊದಲು ಕೇಳುವುದು ಕಾಯಿಲೆಯನ್ನಲ್ಲ, ಮನೆಯಲ್ಲಿ ಎಷ್ಟು ದನ, ಎಷ್ಟು ಹಂದಿ ಅಂತ. ಆಮೇಲೆ ಚಿಕ್ಕವಳಿದ್ದಾಗ ಏಣಿಯಿಂದ ಬಿದ್ದಿದ್ದೆ ಅಲ್ಲವಾ ಅಂತ ಕೇಳುತ್ತಾನೆ. ಅವಳಿಗೆ ನೆನಪಿಲ್ಲ. ಬಿದ್ದಿರಲೇಬೇಕು ಅಂತ ಇವನೇ ಒಪ್ಪಿಸುತ್ತಾನೆ! ವಾಸಿಯಾಗಲು ಎಷ್ಟು ಖರ್ಚು ಅಂದರೆ ಅದನ್ನೂ ದನದ ಲೆಕ್ಕದಲ್ಲೇ ಹೇಳುತ್ತಾನೆ. ಮುಳಬಾಗಿಲಿನವನು ಅಲ್ಲಿ ಬಿದ್ದು ಬಿದ್ದು ನಕ್ಕ. ಅವನ ಮನೆಯಲ್ಲೂ ಎರಡು ಸೀಮೆಹಸು ಇವೆ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಸಿನಿಮಾ ಅಂದರೆ ನನಗೆ ನೆನಪಾಗುವುದು ನಾಗತಿಹಳ್ಳಿ ಚಂದ್ರಶೇಖರರ 1992ರ ‘ಉಂಡೂ ಹೋದ ಕೊಂಡೂ ಹೋದ’. ಊರಿಗೆ ದನದ ಆಸ್ಪತ್ರೆ ತರುತ್ತೇನೆ ಅಂತ ಬರುವ ಅನಂತನಾಗ್ ಯಾರಿಗೆ ಮರೆಯುತ್ತದೆ? ಆದರೆ ಅದರ ಕೊನೆ ಏನು ಅಂತ ಹೆಸರಲ್ಲೇ ಬರೆದುಬಿಟ್ಟಿದ್ದಾರೆ. ಕ್ನಾಕ್ ಅದಕ್ಕಿಂತ ಭಯಂಕರ ಆಸಾಮಿ. ಅವನು ಹೋಗುವುದೇ ಇಲ್ಲ!

ಈಗ ಆ ಕೊನೆ. ಮೂರು ತಿಂಗಳ ಮೇಲೆ ಪಾರ್ಪಲೇ ತನ್ನ ಕಂತಿನ ದುಡ್ಡು ವಸೂಲಿಗೆ ಊರಿಗೆ ಬರುತ್ತಾನೆ. ಹೋಟೆಲಿನಲ್ಲಿ ಒಂದು ರೂಮೂ ಖಾಲಿ ಇಲ್ಲ, ಇಡೀ ಹೋಟೆಲು ಆಸ್ಪತ್ರೆಯಾಗಿದೆ. ಹಳೇ ಡಾಕ್ಟರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕ್ನಾಕ್ ಅವನನ್ನು ಕಿಟಕಿಯ ಹತ್ತಿರ ಕರೆದು ಊರು ತೋರಿಸುತ್ತಾನೆ. ರಾತ್ರಿ ಹೊತ್ತು ಮನೆಮನೆಯಲ್ಲೂ ದೀಪ. ಪ್ರತಿ ದೀಪದ ಕೆಳಗೆ ಒಬ್ಬ ರೋಗಿ. ಹತ್ತು ಗಂಟೆ ಹೊಡೆದರೆ ಇನ್ನೂರೈವತ್ತು ಥರ್ಮಾಮೀಟರು ಒಟ್ಟಿಗೆ ಕೆಲಸ ಶುರು ಮಾಡುತ್ತವೆ ಅಂತ ಹೆಮ್ಮೆಯಿಂದ ಹೇಳುತ್ತಾನೆ. (ಎಲ್ಲಿಗೆ ಇಡುವ ಥರ್ಮಾಮೀಟರು ಅಂತ ಸಿನಿಮಾ ನೋಡಿಯೇ ತಿಳಿದುಕೊಳ್ಳಿ.)

ಆಮೇಲೆ ಒಂದು ಮಾತು ಬರುತ್ತದೆ. ಇತ್ತೀಚೆಗೆ ತನಗೆ ಯಾರ ಮುಖ ಕಂಡರೂ ಕಾಯಿಲೆ ಗುರುತಿಸುವ ಅಭ್ಯಾಸವಾಗಿಬಿಟ್ಟಿದೆ, ಅದಕ್ಕೇ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುವುದನ್ನೂ ತಪ್ಪಿಸುತ್ತೇನೆ ಅನ್ನುತ್ತಾನೆ ಕ್ನಾಕ್. ಪಾರ್ಪಲೇ ಮುಖ ಇಳಿದುಹೋಗುತ್ತದೆ. ಹಾಗಾದರೆ ಆಗಲೇ ನನ್ನನ್ನು ಹಾಗೆ ನೋಡಿದೆಯಲ್ಲ, ಏನು ಕಂಡಿತು? ಕ್ನಾಕ್ ನೇರವಾಗಿ ಹೇಳುವುದಿಲ್ಲ. ಆಮೇಲೆ ಸಾವಕಾಶವಾಗಿ ಪರೀಕ್ಷೆ ಮಾಡೋಣ ಅನ್ನುತ್ತಾನೆ. ಇಷ್ಟು ವರ್ಷ ‘ಏನೂ ಆಗಿಲ್ಲ’ ಅಂತ ಊರಿಗೆಲ್ಲ ಹೇಳಿದವನು ಕೊನೆಗೆ ತಾನೇ ರೋಗಿಯಾಗುತ್ತಾನೆ. ಗಂಟೆ ಹೊಡೆಯುತ್ತದೆ, ಕಥೆ ಮುಗಿಯುತ್ತದೆ.

ಈ ಕೊನೆಗೆ ಎಲ್ಲರೂ ಕೊಡುವ ಅರ್ಥ ಒಂದೇ. ವೈದ್ಯಕೀಯ ಅನ್ನುವುದು ವ್ಯಾಪಾರವಾದರೆ ಚೆನ್ನಾಗಿರುವವರೂ ರೋಗಿಗಳಾಗುತ್ತಾರೆ, ಕೊನೆಗೆ ಡಾಕ್ಟರೂ ಆಗುತ್ತಾನೆ. ನಮ್ಮ ಕಾಲದಲ್ಲಿ ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಲಿನ್ ಪೇಯರ್ ಅನ್ನುವ ಪತ್ರಕರ್ತೆ 1992ರಲ್ಲಿ ಕಾಯಿಲೆ ಮಾರುವವರ ಬಗ್ಗೆಯೇ ಒಂದು ಪುಸ್ತಕ ಬರೆದಳು. 2017ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಬಿ.ಪಿ.ಯ ಗೆರೆಯನ್ನು 140/90ರಿಂದ 130/80ಕ್ಕೆ ಇಳಿಸಿದವು. ಅಲ್ಲಿಯ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬಿ.ಪಿ. ಇರುವವರ ಪಟ್ಟಿಗೆ ಬಂದರು. ಅದು ಸರಿಯೋ ತಪ್ಪೋ ತಜ್ಞರು ಹೇಳಲಿ. ಕ್ನಾಕ್ ಇದ್ದಿದ್ದರೆ ಮಾತ್ರ ಸಿಹಿ ಹಂಚುತ್ತಿದ್ದ.

ನಾನೂ ಹೀಗೇ ಅಂದುಕೊಂಡು ನಗುತ್ತಾ ಕೂತಿದ್ದೆ. ಪಾರ್ಪಲೇ ಮುಖ ಕ್ಲೋಸಪ್ಪಿನಲ್ಲಿ ಬಂದಾಗ ನನಗೆ ನೆನಪಾದದ್ದು ನಮ್ಮೂರ ಕಡೆಯ ಒಬ್ಬ ಡಾಕ್ಟರು. ಹೆಸರು ಬೇಡ. ತುಂಬಾ ಒಳ್ಳೆಯವರು. ನಮ್ಮಜ್ಜಿ ಮಂಡಿ ಮಡಚಲಾಗದೆ, ಕತ್ತು ತಿರುಗಿಸಲಾಗದೆ ಹೋದಾಗ ದುಡ್ಡು ತೆಗೆದುಕೊಳ್ಳದೆ ನೋಡುತ್ತಿದ್ದರು. ‘ವಯಸ್ಸಾಯ್ತಲ್ಲಮ್ಮಾ, ವಾಯು. ಬೇರೇನೂ ಇಲ್ಲ’ ಅಂತ ಬೆನ್ನು ತಟ್ಟಿ ಕಳಿಸುತ್ತಿದ್ದರು. ಅಜ್ಜಿಗೆ ಆಗ ಐವತ್ತು ದಾಟಿತ್ತು ಅಷ್ಟೆ. ನಮ್ಮ ಸ್ಕೂಲಿನಲ್ಲಿ ಅರ್ಧಕ್ಕರ್ಧ ಹುಡುಗರ ಹಲ್ಲಿನ ಮೇಲೆ ಕಂದು ಪಟ್ಟೆ, ನನ್ನದೂ ಸೇರಿ. ಸರಿಯಾಗಿ ಹಲ್ಲುಜ್ಜಲ್ಲ ಅಂತ ಮೇಷ್ಟ್ರ ಹತ್ತಿರ ಏಟು ತಿಂದಿದ್ದೇವೆ. ಇದ್ದಿಲು, ಉಪ್ಪು, ಬೇವಿನಕಡ್ಡಿ ಎಲ್ಲ ಆಯಿತು, ಪಟ್ಟೆ ಹೋಗಲಿಲ್ಲ. ‘ನಮ್ ಕಡೆಯವರ ಹಲ್ಲೇ ಹಿಂಗೆ’ ಅಂತ ಊರು ತೀರ್ಮಾನ ಮಾಡಿಬಿಟ್ಟಿತ್ತು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಫೋಟೋ ತೆಗೆಯುವಾಗ ಬಾಯಿ ಮುಚ್ಚಿಕೊಂಡು ನಗುವುದನ್ನು ನಾನು ಯಾರೂ ಹೇಳಿಕೊಡದೆ ಕಲಿತೆ.

ಅದು ನೀರಿನಲ್ಲಿದ್ದ ಫ್ಲೋರೈಡು. ನಿಮಗೆಲ್ಲ ಗೊತ್ತಿರುತ್ತದೆ. ನನಗೆ ಗೊತ್ತಾಗಿದ್ದು ಕಾಲೇಜು ಮುಗಿದ ಮೇಲೆ.

ಇದರ ಇತಿಹಾಸವನ್ನು ಈ ನಾಟಕದ ವರ್ಷಗಳ ಪಕ್ಕದಲ್ಲಿಟ್ಟು ನೋಡಿದರೆ ವಿಚಿತ್ರವಾಗಿದೆ. 1901ರಲ್ಲಿ ಫ್ರೆಡರಿಕ್ ಮೆಕೇ ಅನ್ನುವ ಹೊಸ ದಂತವೈದ್ಯ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ. ಅವನೂ ಸಣ್ಣ ಊರಿಗೆ ಬಂದ ಡಾಕ್ಟರೇ! ಊರಿನವರ ಹಲ್ಲೆಲ್ಲ ಕಂದು. ಹಂದಿ ಮಾಂಸ ತಿಂದು ಹೀಗೆ, ಹಾಲು ಸರಿಯಿಲ್ಲದೆ ಹೀಗೆ, ಅಂತ ಅಲ್ಲಿಯವರೂ ಏನೇನೋ ಹೇಳುತ್ತಿದ್ದರು. ಮೆಕೇ ಅದನ್ನು ಒಪ್ಪದೆ ಮೂವತ್ತು ವರ್ಷ ಬೆನ್ನು ಹತ್ತಿದ. ಅವನು ಇನ್ನೂ ಹುಡುಕುತ್ತಿದ್ದಾಗಲೇ, 1923ರಲ್ಲಿ, ಪ್ಯಾರಿಸ್ಸಿನ ಜನ ಕ್ನಾಕನನ್ನು ನೋಡಿ ನಗುತ್ತಿದ್ದರು. 1931ರಲ್ಲಿ ಅಲ್ಕೋವಾ ಅನ್ನುವ ಅಲ್ಯೂಮಿನಿಯಂ ಕಂಪನಿಯ ಕೆಮಿಸ್ಟ್ ಚರ್ಚಿಲ್ ನೀರನ್ನು ಪರೀಕ್ಷೆ ಮಾಡಿ ಫ್ಲೋರೈಡ್ ಹಿಡಿದುಕೊಟ್ಟ. ಜೂವೆಯ ಎರಡು ಸಿನಿಮಾಗಳ ನಡುವೆ, 1937ರಲ್ಲಿ, ಅದು ನಮ್ಮ ಹತ್ತಿರಕ್ಕೇ ಬಂತು. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ಭಾರತದ ಫ್ಲೋರೋಸಿಸ್ ಬಗ್ಗೆ ಬರೆದರು. ಅಲ್ಲಿ ಮೊದಲು ಗಮನಿಸಿದವರು ರೈತರೇ, ಎತ್ತುಗಳು ಕೀಲು ಬಿಗಿದು ನೇಗಿಲು ಎಳೆಯಲಾರದೆ ಹೋದವು ಅಂತ ಹೇಳುತ್ತಾರೆ. ಮುಳಬಾಗಿಲು ದಾಟಿ, ನಂಗಲಿ ದಾಟಿ, ಚಿತ್ತೂರು, ತಿರುಪತಿ ಮೇಲೆ ಹೋದರೆ ನೆಲ್ಲೂರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಾತಾಡುವುದು ಅದೇ ತೆಲುಗು. ಅಷ್ಟು ಹತ್ತಿರಕ್ಕೆ ಬಂದ ಸುದ್ದಿ ನಮ್ಮೂರಿನ ಆಸ್ಪತ್ರೆ ಬೆಂಚಿಗೆ ಬಂದು ಕೂರುವುದಕ್ಕೆ ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು.

ನಮ್ಮ ಹಿರಿಯರಿಗೆ ಇದು ಇಷ್ಟು ಇರಲಿಲ್ಲ ಅನ್ನುವುದಕ್ಕೂ ಕಾರಣವಿದೆ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಪಾಲಾರ್ ಹೆಸರಿಗೆ ಮಾತ್ರ ಹೊಳೆ. ಅದಕ್ಕೇ ಹಿಂದಿನವರು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಹಾಗೆ ಸಾವಿರಾರು ಕೆರೆ ಕಟ್ಟಿದರು. ಜನ ಕುಡಿದದ್ದು ಕೆರೆಯ ನೀರು, ಕೆರೆಯಿಂದ ತುಂಬುವ ಬಾವಿಯ ನೀರು. ಅಂದರೆ ಹೆಚ್ಚುಕಡಿಮೆ ಮಳೆ ನೀರು, ಅದರಲ್ಲಿ ಫ್ಲೋರೈಡ್ ಕಡಿಮೆ. ಆಮೇಲೆ ಕೆರೆಗಳು ಹೂಳು ತುಂಬಿ, ಒತ್ತುವರಿಯಾಗಿ, ನೀಲಗಿರಿ ತೋಪಾದವು. ಬೋರ್‌ವೆಲ್ ಬಂತು. ಇನ್ನೂರು ಅಡಿ, ಐನೂರು, ಸಾವಿರ, ಸಾವಿರದ ಇನ್ನೂರು... ಕೆಳಗಿರುವುದು ಗ್ರಾನೈಟ್ ಬಂಡೆ. ಬಂಡೆಯ ಬಿರುಕಿನಲ್ಲಿ ಎಷ್ಟೋ ಕಾಲದಿಂದ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಲೀಟರಿಗೆ 1 ಮಿಲಿಗ್ರಾಮ್ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಮೇಲಿನ ನೀರನ್ನು ಎಳೆಯ ವಯಸ್ಸಿನಲ್ಲಿ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ ಕುಡಿದರೆ ಪಟ್ಟೆ. ವರ್ಷಾನುಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ಕುಡಿದರೆ ಮಂಡಿ, ಬೆನ್ನು, ಕತ್ತು.

ಈಗ ಹೇಳಿ, ಕ್ನಾಕ್ ಯಾಕೆ ನಮ್ಮ ಜಿಲ್ಲೆಗೆ ಬರಲಿಲ್ಲ? ಅವನಿಗೆ ಇದಕ್ಕಿಂತ ಒಳ್ಳೆಯ ಊರು ಎಲ್ಲಿ ಸಿಗುತ್ತಿತ್ತು? ಕಾಯಿಲೆ ಇದೆ ಅಂತ ಗೊತ್ತೇ ಇಲ್ಲದ ಜನ, ಸಾಲುಸಾಲಾಗಿ! ಅವನ ಸಿದ್ಧಾಂತ ಅಕ್ಷರಶಃ ನಿಜವಾಗಿದ್ದ ಊರುಗಳು ನಮ್ಮವು. ಬಸ್ಸಿನಲ್ಲಿ ನನಗೆ ಹೊಳೆದ ಉತ್ತರ ಇದು. ಇದಕ್ಕೆ ಮಾರುವಂಥ ಔಷಧಿ ಇಲ್ಲ. ಒಂದು ಸಲ ಮೂಡಿದ ಪಟ್ಟೆಯನ್ನು ಮುಚ್ಚಬಹುದು, ಹಲ್ಲನ್ನು ಮೊದಲಿನಂತೆ ಮಾಡಲಾಗದು. ಬಿಗಿದ ಬೆನ್ನನ್ನು ಸಡಿಲಿಸುವ ಮಾತ್ರೆ ಇಲ್ಲ. ಇರುವ ಔಷಧಿ ಬೇರೆ ನೀರು, ಅಷ್ಟೆ. ಅದನ್ನು ಕೊಡಬೇಕಾದವನು ಡಾಕ್ಟರಲ್ಲ, ಇಂಜಿನಿಯರು ಮತ್ತು ಸರ್ಕಾರ. ಔಷಧಿ ಅಂಗಡಿಯವನಿಗೆ ಮೂರು ಕಾಸು ಲಾಭವಿಲ್ಲದ ಕಾಯಿಲೆಯನ್ನು ಯಾರು ತಮಟೆ ಹೊಡೆದು ಸಾರುತ್ತಾರೆ? ಹಾಗಾಗಿ ನಮ್ಮ ಪಾಲಿಗೆ ಪಾರ್ಪಲೇ ಉಳಿದ. ‘ಏನೂ ಆಗಿಲ್ಲ ಬಿಡಮ್ಮ.’

ಲಾಭ ನಷ್ಟದ ಲೆಕ್ಕ ಎಷ್ಟು ಮುಖ್ಯ ಅನ್ನುವುದಕ್ಕೆ ಪಕ್ಕದ ಕೆ.ಜಿ.ಎಫ್. ನೋಡಿ. ಕಲ್ಲಿನ ಧೂಳು ಕುಡಿದು ಗಣಿ ಕಾರ್ಮಿಕರ ಶ್ವಾಸಕೋಶ ಗಟ್ಟಿಯಾಗುತ್ತಿತ್ತು. ಅದನ್ನು ಕಾಯಿಲೆ ಅಂತ ಒಪ್ಪಿದರೆ ಪರಿಹಾರ ಕೊಡಬೇಕು. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮ ತಂದಿತು. ಆ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎಕ್ಸ್‌ರೇ ತೆಗೆದು ನೋಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಇತ್ತು. ಅವರೆಲ್ಲ ಅದಕ್ಕೆ ಮೊದಲು ಆರೋಗ್ಯವಂತರಾಗಿರಲಿಲ್ಲ. ಅಲ್ಲಿಯವರೆಗೆ ಯಾರೂ ಅಷ್ಟು ಜನರ ಎದೆಯ ಫೋಟೋ ತೆಗೆದು ಎಣಿಸಿರಲಿಲ್ಲ.

ಕೊನೆಯ ಸೀನಿಗೆ ವಾಪಸ್ ಬರುತ್ತೇನೆ. ಇನ್ನೂರೈವತ್ತು ಥರ್ಮಾಮೀಟರುಗಳ ಬಗ್ಗೆ ಅಷ್ಟೊಂದು ಮಾತಾಡುತ್ತಾರಲ್ಲ, ಅದರಲ್ಲಿ ಎಷ್ಟು ಜ್ವರ ತೋರಿಸಿತು ಅನ್ನುವುದು ಕಥೆಯಲ್ಲಿ ಬರುವುದೇ ಇಲ್ಲ. ಓದುವ ಮೊದಲೇ ಕಥೆ ಮುಗಿದುಹೋಗುತ್ತದೆ. ಕ್ನಾಕನಿಗೆ ಥರ್ಮಾಮೀಟರು ಇಟ್ಟರೆ ಸಾಕು, ಎಷ್ಟು ಅನ್ನುವುದು ಬೇಕಿಲ್ಲ. ಪಾರ್ಪಲೇಗೆ ಇಡುವುದೇ ಬೇಕಿಲ್ಲ. ಇಬ್ಬರೂ ಬೇರೆ ಬೇರೆ ಅಂತ ನಾವು ನಗುತ್ತೇವೆ. ನನಗೀಗ ಇಬ್ಬರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತಾರೆ. ಒಬ್ಬ ಅಳೆಯದೆ ಕಾಯಿಲೆ ಅನ್ನುತ್ತಾನೆ, ಇನ್ನೊಬ್ಬ ಅಳೆಯದೆ ಆರೋಗ್ಯ ಅನ್ನುತ್ತಾನೆ. ಕೊನೆಯಲ್ಲಿ ಪಾರ್ಪಲೇ ಅಷ್ಟು ಸುಲಭವಾಗಿ ಬೀಳುವುದೂ ಅದಕ್ಕೇ. ಇಷ್ಟು ವರ್ಷ ‘ಏನೂ ಇಲ್ಲ’ ಅಂದದ್ದು ಬರೀ ಅಭ್ಯಾಸಬಲದಿಂದ ಅಂತ ಆ ಕ್ಷಣದಲ್ಲಿ ಅವನಿಗೇ ಗೊತ್ತಾಗುತ್ತದೆ.

ನಮ್ಮಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಟ್ಟರು. ಕುಡಿಯುವುದಕ್ಕಲ್ಲ, ಅಂತರ್ಜಲ ತುಂಬುವುದಕ್ಕೆ. ಮೊದಲ ವರ್ಷವೇ ನೊರೆ ಬಂತು, ವಿಷಯ ಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂತು. ಒಣಗಿದ್ದ ಕೆರೆಯಲ್ಲಿ ನೀರು ಕಂಡು ಕಣ್ಣಲ್ಲಿ ನೀರು ಹಾಕಿದವರನ್ನೂ ನೋಡಿದ್ದೇನೆ. ಟೀ ಅಂಗಡಿಯಲ್ಲಿ ಮಾತಿಗೆ ಕೂತರೆ ಅರ್ಧ ಜನ ‘ಎಲ್ರಿಗೂ ಕಾಯಿಲೆ ಗ್ಯಾರಂಟಿ’ ಅನ್ನುತ್ತಾರೆ, ಇನ್ನರ್ಧ ‘ಏನೂ ಆಗಲ್ಲ ಸುಮ್ನಿರ್ರೀ’ ಅನ್ನುತ್ತಾರೆ. ಯಾವ ಕೆರೆಯಲ್ಲಿ, ಯಾವ ತಿಂಗಳಲ್ಲಿ, ಏನೇನು ಎಷ್ಟೆಷ್ಟಿದೆ ಅಂತ ಪಂಚಾಯ್ತಿ ಗೋಡೆಯ ಮೇಲೆ ಬರೆದು ಹಾಕಿ ಅಂತ ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಈ ಸಿನಿಮಾದಿಂದ ನನಗಾದ ಉಪಕಾರ ಒಂದಿದೆ. ಊರಿನಲ್ಲಿ ತಮ್ಮನ ಮಗಳಿಗೆ ಈಗ ಮೂರು ವರ್ಷ. ಎಷ್ಟೋ ಹಳ್ಳಿಗಳ ಹಾಗೆ ನಮ್ಮಲ್ಲೂ ಶುದ್ಧ ನೀರಿನ ಘಟಕ ಇದೆ. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಕುಡಿಯುವುದು ಅದನ್ನೇ, ಸರಿ. ಅನ್ನ, ಸಾರು, ಕಾಫಿಗೆ ಯಾವ ನೀರು ಅಂತ ಕೇಳಿದೆ. ‘ಅದಕ್ಕೆಲ್ಲ ನಲ್ಲಿ ನೀರೇ ಅಣ್ಣ, ಹೆಂಗೂ ಕುದೀತದಲ್ಲ’ ಅಂದ ತಮ್ಮ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಒಂದು ಬಾಟಲಿಯಲ್ಲಿ ನಲ್ಲಿ ನೀರು ತುಂಬಿಕೊಂಡು ಹೋಗಿ ಪರೀಕ್ಷೆಗೆ ಕೊಟ್ಟೆ. ರಿಪೋರ್ಟ್ ಬಂತು. 1.5ರ ಮೇಲೇ ಇತ್ತು.

ಈಗ ಅಡಿಗೆಗೂ ಕ್ಯಾನ್ ನೀರು. ತಿಂಗಳಿಗೆ ಸ್ವಲ್ಪ ಖರ್ಚು ಜಾಸ್ತಿ, ತಮ್ಮನ ಹೆಂಡತಿಗೆ ಹೊತ್ತು ತರುವ ಕೆಲಸ ಜಾಸ್ತಿ. ಹೋದ ವಾರ ಊರಿಗೆ ಹೋದಾಗ ಮಗುವನ್ನು ಎತ್ತಿಕೊಂಡು ‘ಈ ಅನ್ನು’ ಅಂದೆ. ಈಗಿರುವುದು ಹಾಲು ಹಲ್ಲು. ನಿಜವಾದ ಉತ್ತರಕ್ಕೆ ಇನ್ನೂ ನಾಲ್ಕೈದು ವರ್ಷ ಕಾಯಬೇಕು.

ಸಿನಿಮಾ ಸಿಕ್ಕರೆ ನೋಡಿ. ನಿಮ್ಮೂರಿನ ಬೋರ್‌ವೆಲ್ ನೀರನ್ನು ಯಾರಾದರೂ ಪರೀಕ್ಷೆ ಮಾಡಿಸಿದ್ದರೆ ಎಷ್ಟು ಬಂತು ಅಂತ ಬರೆಯಿರಿ. ನಾಲ್ಕೂ ತಾಲ್ಲೂಕಿನವರು ಬರೆದರೆ ಇನ್ನೂ ಸಂತೋಷ.